‘ಅಲ್’ ಹೊತ್ತು ಬಂದ ಪದಗಳು

ಇಂಗ್ಲಿಷ್ ನಿಘಂಟಿನಲ್ಲಿ ‘ಎ’ ಮತ್ತು ‘ಎಲ್’ ಅಕ್ಷರಗಳ ಜೋಡಿಯಿಂದ ಆರಂಭವಾಗುವ ಪುಟಗಳನ್ನು ತೆರೆದರೆ ಅಲ್ಲೊಂದು ಸಂತೆಯೇ ನೆರೆದಂತಿರುತ್ತದೆ. ಶಾಲಾ ಮಕ್ಕಳನ್ನು ಹೆದರಿಸುವ ಆಲ್ಜೀಬ್ರಾ ಅಲ್ಲಿದೆ. ಸಂಸಾರಗಳನ್ನು ಹಾಳು ಮಾಡುವ ಆಲ್ಕೋಹಾಲ್ ಇದೆ. ಪ್ರಯೋಗಾಲಯದ ಆಲ್ಕಲಿ, ಪಂಚಾಂಗವೆಂಬ ಅರ್ಥದ ಆಲ್ಮನ್ಯಾಕ್, ಭಿಕ್ಷೆ ಎಂಬ ಅರ್ಥದ ಆಮ್ಸ್, ಒಂಟಿತನದ ಅಲೋನ್, ಬೆಳಗಿನ ಜಾವ ಬಡಿದೆಬ್ಬಿಸುವ ಅಲಾರಂ, ಮೊಸಳೆ ಜಾತಿಯ ಅಲಿಗೇಟರ್ ಎಲ್ಲವೂ ಹತ್ತಿರ ಹತ್ತಿರವೇ ಇವೆ. ಒಂದೇ ಬಸ್ಸಿನಲ್ಲಿ ಕುಳಿತ ಮಾತ್ರಕ್ಕೆ ಎಲ್ಲರೂ ಒಂದೇ ಊರಿನವರಾಗುವುದಿಲ್ಲ. ಆದರೆ ಈ ಬಸ್ಸಿನಲ್ಲಿ ಒಂದೇ ಊರಿನಿಂದ ಹತ್ತಿದ ದೊಡ್ಡ ಗುಂಪೊಂದು ಇರುವುದಂತೂ ನಿಜ. ಅವರೆಲ್ಲ ಅರಬ್ಬೀ ಮಾತಿನವರು.

ಅರಬ್ಬೀ ಭಾಷೆಯಲ್ಲಿ ‘ಅಲ್’ ಎಂಬುದು ಇಂಗ್ಲಿಷಿನ ‘ದಿ’ ಮಾಡುವ ಕೆಲಸವನ್ನು ಮಾಡುತ್ತದೆ. ಯಾವುದೋ ಒಂದು ಮನೆಯಲ್ಲ, ನಾವು ಮಾತಾಡುತ್ತಿರುವ ಆ ಮನೆ ಎಂದು ಗುರುತಿಸುವುದಕ್ಕೆ ನಾಮಪದದ ಮುಂದೆ ಅದು ಬಂದು ಕೂರುತ್ತದೆ. ಕನ್ನಡದಲ್ಲಿ ಇಂಥ ವ್ಯವಸ್ಥೆಯೇ ಇಲ್ಲ. ಇಂಗ್ಲಿಷ್ ಕಲಿಯುವ ನಮ್ಮ ಮಕ್ಕಳಿಗೆ ‘ದಿ’ ಎಲ್ಲಿ ಹಾಕಬೇಕು, ಎಲ್ಲಿ ಬಿಡಬೇಕು ಎಂಬುದು ಕೊನೆಯವರೆಗೂ ಬಗೆಹರಿಯದ ಸಮಸ್ಯೆಯಾಗುವುದು ಅದಕ್ಕೇ. ನಮಗೆ ಸಮಾಧಾನ ಕೊಡುವ ಸಂಗತಿಯೆಂದರೆ ಯೂರೋಪಿನವರೂ ಇದರಲ್ಲಿ ಎಡವಿದ್ದಾರೆ. ಅರಬ್ಬೀಯಿಂದ ಪದ ತೆಗೆದುಕೊಳ್ಳುವಾಗ ‘ಅಲ್’ ಎಲ್ಲಿ ಮುಗಿಯುತ್ತದೆ, ಪದ ಎಲ್ಲಿ ಆರಂಭವಾಗುತ್ತದೆ ಎಂಬುದು ತಿಳಿಯದೆ ಎರಡನ್ನೂ ಸೇರಿಸಿಯೇ ತೆಗೆದುಕೊಂಡರು. ಇಂದು ಇಂಗ್ಲಿಷಿನವರು ‘ದಿ ಆಲ್ಕೋಹಾಲ್’ ಎಂದಾಗ ವಾಸ್ತವವಾಗಿ ‘ದಿ’ ಎಂಬುದನ್ನು ಎರಡು ಸಲ ಹೇಳಿದಂತೆ. ನಾವು ‘ನಡುಮಧ್ಯೆ’ ಎನ್ನುವುದಿಲ್ಲವೇ, ಹಾಗೆ.

ಅಂಟಿಕೊಂಡದ್ದು ಹೇಗೆ?

ಕ್ರಿ.ಶ. 711ರಲ್ಲಿ ಉತ್ತರ ಆಫ್ರಿಕದಿಂದ ಸಮುದ್ರ ದಾಟಿದ ಮುಸ್ಲಿಂ ಸೈನ್ಯ ಸ್ಪೇನಿನ ನೆಲಕ್ಕೆ ಕಾಲಿಟ್ಟಿತು. 1492ರಲ್ಲಿ ಗ್ರೆನಡಾ ಪತನವಾಗುವವರೆಗೆ, ಅಂದರೆ ಸುಮಾರು 780 ವರ್ಷಗಳ ಕಾಲ, ಆ ದೇಶದ ಒಂದಲ್ಲ ಒಂದು ಭಾಗದಲ್ಲಿ ಅರಬ್ಬೀ ಆಡಳಿತ ಭಾಷೆಯಾಗಿತ್ತು. ನೀರಾವರಿ, ತೋಟಗಾರಿಕೆ, ಕಟ್ಟಡ, ವೈದ್ಯ, ಗಣಿತ ಎಲ್ಲದರ ಪರಿಭಾಷೆ ಅದರಲ್ಲೇ ಇತ್ತು. ಸ್ಪ್ಯಾನಿಷ್ ಭಾಷೆಗೆ ಹೀಗೆ ಸಾವಿರಾರು ಅರಬ್ಬೀ ಪದಗಳು ಸೇರಿದವು.

ಆದರೆ ಯೂರೋಪಿಗೆ ಅರಬ್ಬೀ ಪದಗಳು ಹೋದ ದಾರಿ ಅದೊಂದೇ ಅಲ್ಲ. ಸಿಸಿಲಿ ದ್ವೀಪವೂ 9ನೇ ಶತಮಾನದಿಂದ 11ನೇ ಶತಮಾನದವರೆಗೆ ಅರಬರ ಕೈಯಲ್ಲಿತ್ತು. ಇಟಲಿಯ ವ್ಯಾಪಾರಿಗಳು ಆ ದಾರಿಯಲ್ಲಿ ಸರಕಿನ ಜೊತೆ ಹೆಸರುಗಳನ್ನೂ ಕೊಂಡೊಯ್ದರು. ಸ್ವಾರಸ್ಯವಿರುವುದು ಇಲ್ಲಿ. ಸ್ಪೇನಿನ ದಾರಿ ಹಿಡಿದ ಪದಗಳು ‘ಅಲ್’ ಸಮೇತ ಬಂದವು; ಇಟಲಿಯ ದಾರಿ ಹಿಡಿದವು ಹೆಚ್ಚಾಗಿ ಅದನ್ನು ಕಳಚಿಟ್ಟು ಬಂದವು. ಹತ್ತಿಗೆ ಅರಬ್ಬೀಯಲ್ಲಿ ‘ಕುತ್ನ್’. ಸ್ಪೇನಿನಲ್ಲಿ ಅದು ‘ಅಲ್ಗೊದೋನ್’ ಆಯಿತು, ಇಟಲಿಯಲ್ಲಿ ‘ಕೊತೋನೆ’. ಇಂಗ್ಲಿಷಿನವರ ‘ಕಾಟನ್’ ಇಟಲಿಯ ಕಡೆಯದು. ನಮ್ಮ ಸಂಸ್ಕೃತದ ‘ಶರ್ಕರಾ’ ಪಾರ್ಸಿಯ ಮೂಲಕ ಅರಬ್ಬೀಯಲ್ಲಿ ‘ಸುಕ್ಕರ್’ ಆದ ಮೇಲೆ ಸ್ಪೇನಿನಲ್ಲಿ ‘ಅಸೂಕರ್’ ಆಯಿತು, ಇಟಲಿಯಲ್ಲಿ ‘ಜುಕ್ಕೆರೊ’. ಸ್ಪ್ಯಾನಿಷ್ ಸಕ್ಕರೆಯ ತಲೆಯ ಮೇಲಿರುವ ಆ ‘ಅ’ ಕೂಡ ‘ಅಲ್’ನ ತುಂಡೇ. ಸಕಾರದ ಮುಂದೆ ಬಂದಾಗ ಅರಬ್ಬೀಯಲ್ಲಿ ‘ಅಲ್’ ಎಂಬುದನ್ನು ‘ಅಸ್’ ಎಂದು ಉಚ್ಚರಿಸುತ್ತಾರೆ.

ಸ್ಪೇನಿನಲ್ಲಿ ಮಾತ್ರ ಹೀಗೇಕೆ? ಭಾಷಾಶಾಸ್ತ್ರಜ್ಞರು ಕೊಡುವ ಒಂದು ವಿವರಣೆ ಒಪ್ಪುವಂತಿದೆ. 711ರ ಸೈನ್ಯದಲ್ಲಿ ಬಹುಪಾಲು ಜನ ಅರಬರಲ್ಲ, ಉತ್ತರ ಆಫ್ರಿಕದ ಬರ್ಬರ್ ಬುಡಕಟ್ಟಿನವರು. ಅವರ ಸ್ವಂತ ಭಾಷೆಯಲ್ಲಿ ಅನೇಕ ನಾಮಪದಗಳ ಆರಂಭದಲ್ಲೇ ‘ಅ’ ಸೇರಿಕೊಂಡಿರುತ್ತದೆ. ಅರಬ್ಬೀ ಅವರಿಗೆ ಕಲಿತ ಭಾಷೆ. ಹಾಗಾಗಿ ‘ಅಲ್’ ಎಂಬುದನ್ನು ಪದದ ಭಾಗವೆಂದೇ ತಿಳಿದು ಆಡಿದರು, ಸ್ಪೇನಿನ ರೈತರು ಅವರಿಂದ ಕೇಳಿದಂತೆಯೇ ಕಲಿತರು ಎಂಬುದು ಈ ವಾದ.

ಕನ್ನಡಕ್ಕೂ ಅರಬ್ಬೀ ಪದಗಳು ಧಾರಾಳವಾಗಿ ಬಂದಿವೆ. ಅರ್ಜಿ, ಜಿಲ್ಲೆ, ತಾಲ್ಲೂಕು, ವಕೀಲ, ವಸೂಲಿ, ಹಾಜರಿ, ಅಸಲು, ನಕಲು ಎಲ್ಲವೂ ಅಲ್ಲಿಯವೇ. ಈ ಪದಗಳಿಲ್ಲದೆ ನಮ್ಮ ಯಾವ ಕಚೇರಿಯ ಕಡತವೂ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗದು. ಆದರೆ ಒಂದರ ಹಿಂದೆಯೂ ‘ಅಲ್’ ಇಲ್ಲ. ಕಾರಣ, ಇವು ನಮಗೆ ನೇರವಾಗಿ ಬಂದವಲ್ಲ. ಪಾರ್ಸಿಯ ಮೂಲಕ ಬಂದವು. ಪಾರ್ಸಿಯಲ್ಲೂ ಕನ್ನಡದಂತೆ ‘ದಿ’ ಇಲ್ಲ. ಇರಾನಿನವರು ಅಂಗಡಿಯಲ್ಲೇ ಸಿಪ್ಪೆ ಸುಲಿದು ಕೊಟ್ಟರು. ಹೀಗಾಗಿ ಎಷ್ಟೋ ಸಲ ಒಂದೇ ಪದ ನಮ್ಮೆದುರು ಎರಡು ವೇಷದಲ್ಲಿ ಬಂದರೂ ಗುರುತು ಸಿಗುವುದಿಲ್ಲ. ಆಧಾರ, ನಿಯಮ ಎಂಬ ಅರ್ಥದ ಒಂದೇ ಅರಬ್ಬೀ ಪದ ನಮ್ಮ ವಿಧಾನಸೌಧದಲ್ಲಿ ‘ಕಾಯಿದೆ’ ಆಗಿದೆ, ಭಯೋತ್ಪಾದಕರ ಸಂಘಟನೆಯ ಹೆಸರಿನಲ್ಲಿ ‘ಅಲ್ ಖೈದಾ’ ಆಗಿದೆ. ದ್ವೀಪ ಎಂಬ ಅರ್ಥದ ‘ಜಜೀರಾ’ ಕೊಂಕಣ ತೀರದ ಜಂಜೀರಾ ಕೋಟೆಯಲ್ಲಿ ಬೋಳಾಗಿ ನಿಂತಿದೆ; ಕತಾರಿನ ಟೆಲಿವಿಷನ್ ಸಂಸ್ಥೆ ಅಲ್ ಜಜೀರಾದಲ್ಲೂ ಅಲ್ಜೀರಿಯಾ ದೇಶದ ಹೆಸರಿನಲ್ಲೂ ‘ಅಲ್’ ತೊಟ್ಟು ನಿಂತಿದೆ.

ಮುರಿದ ಮೂಳೆ, ಕಳೆದ ಲೆಕ್ಕ

ಈ ಕುಟುಂಬದ ಹಿರಿಯನೆಂದರೆ ಆಲ್ಜೀಬ್ರಾ. ಬಾಗ್ದಾದಿನಲ್ಲಿ ಖಲೀಫ ಅಲ್ ಮಾಮೂನ್ 813ರಿಂದ 833ರವರೆಗೆ ಆಳಿದ. ಅವನ ಆಶ್ರಯದ ವಿದ್ವಾಂಸರ ಪೈಕಿ ಮುಹಮ್ಮದ್ ಇಬ್ನ್ ಮೂಸಾ ಅಲ್ ಖ್ವಾರಿಜ್ಮಿ ಒಬ್ಬ. ಅರಲ್ ಸಮುದ್ರದ ದಕ್ಷಿಣಕ್ಕಿರುವ ಖ್ವಾರಿಜ್ಮ್ ಪ್ರಾಂತದವನೆಂದು ಅವನ ಹೆಸರೇ ಹೇಳುತ್ತದೆ. ಸುಮಾರು 820ರಲ್ಲಿ ಅವನು ಬರೆದ ಲೆಕ್ಕದ ಪುಸ್ತಕದ ಹೆಸರಿನಲ್ಲಿ ‘ಅಲ್ ಜಬ್ರ್’ ಮತ್ತು ‘ಅಲ್ ಮುಕಾಬಲ’ ಎಂಬ ಎರಡು ಪದಗಳಿದ್ದವು. ‘ಜಬ್ರ್’ ಎಂದರೆ ಕೊರತೆಯಾದುದನ್ನು ಮತ್ತೆ ತುಂಬಿ ಸರಿಪಡಿಸುವುದು. ಒಂದು ಸಂಖ್ಯೆಯಿಂದ 3 ಕಳೆದರೆ 7 ಉಳಿಯಿತು ಎನ್ನಿ. ಕಳೆದುಹೋದ 3ನ್ನು ಎರಡೂ ಕಡೆಗೆ ಮರಳಿ ಸೇರಿಸಿದರೆ ಮೂಲ ಸಂಖ್ಯೆ 10 ಎಂದು ಸಿಗುತ್ತದೆ. ಇದೇ ಜಬ್ರ್. ಎರಡು ಬದಿಯಲ್ಲೂ ಇರುವ ಒಂದೇ ಬಗೆಯ ಅಂಶಗಳನ್ನು ಪರಸ್ಪರ ವಜಾ ಮಾಡಿ ಸಮದೂಗಿಸುವುದು ಮುಕಾಬಲ.

ಪುಸ್ತಕದಲ್ಲಿ ಇಂದಿನ ‘ಎಕ್ಸ್’ ‘ವೈ’ಗಳು ಯಾವುವೂ ಇಲ್ಲ. ಎಲ್ಲವನ್ನೂ ಮಾತಿನಲ್ಲೇ ವಿವರಿಸಲಾಗಿದೆ, ಸಂಖ್ಯೆಗಳನ್ನು ಕೂಡ. ಬರೆದದ್ದೂ ಪಂಡಿತರ ವಿನೋದಕ್ಕಲ್ಲ. ಆಸ್ತಿ ಪಾಲು, ವ್ಯಾಪಾರ, ಜಮೀನಿನ ಅಳತೆಯಂಥ ದಿನನಿತ್ಯದ ತಕರಾರುಗಳನ್ನು ಬಿಡಿಸುವುದಕ್ಕೆ. ಪುಸ್ತಕದ ದೊಡ್ಡ ಭಾಗವೊಂದು ವಾರಸುದಾರರ ನಡುವೆ ಆಸ್ತಿ ಹಂಚುವ ಲೆಕ್ಕಗಳಿಗೇ ಮೀಸಲು. ಆಲ್ಜೀಬ್ರಾ ಜೀವನದಲ್ಲಿ ಯಾವ ಕೆಲಸಕ್ಕೆ ಬರುತ್ತದೆ ಎಂದು ಕೇಳುವ ಹುಡುಗರಿಗೆ ಮೇಷ್ಟ್ರುಗಳು ಇದನ್ನು ಹೇಳಬಹುದು.

‘ಜಬ್ರ್’ಗೆ ಇನ್ನೊಂದು ಅರ್ಥವೂ ಇತ್ತು: ಮುರಿದ ಮೂಳೆಯನ್ನು ಕೂಡಿಸುವುದು. ಸ್ಪೇನಿನಲ್ಲಿ ಈ ಅರ್ಥವೂ ಬೇರೂರಿತು. ಅಲ್ಲಿ ‘ಅಲ್ಹೆಬ್ರಿಸ್ತಾ’ ಎಂದರೆ ನಮ್ಮಲ್ಲಿ ‘ಪುತ್ತೂರು ಕಟ್ಟು’ ಎಂದು ಬೋರ್ಡು ಹಾಕಿಕೊಂಡವರು ಮಾಡುವ ಕೆಲಸ ಮಾಡುವವನು. 1615ರಲ್ಲಿ ಪ್ರಕಟವಾದ ‘ಡಾನ್ ಕ್ವಿಕ್ಸೋಟ್’ನ ಎರಡನೇ ಭಾಗದಲ್ಲಿ ಕುದುರೆಯಿಂದ ಬಿದ್ದು ಪಕ್ಕೆ ಮುರಿದುಕೊಂಡ ಪಾತ್ರವೊಂದಕ್ಕೆ ಚಿಕಿತ್ಸೆ ಮಾಡುವವನು ಇಂಥ ಅಲ್ಹೆಬ್ರಿಸ್ತಾನೇ. ಇಂಗ್ಲಿಷಿನಲ್ಲೂ ಮೊದಮೊದಲು ಆಲ್ಜೀಬ್ರಾಕ್ಕೆ ಮೂಳೆ ಕಟ್ಟುವ ವಿದ್ಯೆ ಎಂಬ ಅರ್ಥ ಇತ್ತು. ಗಣಿತದ ಅರ್ಥ ಬಲವಾದ ಮೇಲೆ ಅದು ಬಿದ್ದುಹೋಯಿತು. ಜೊತೆಗಾರ ‘ಮುಕಾಬಲ’ ಇಂಗ್ಲಿಷಿನಲ್ಲಿ ಉಳಿಯಲೇ ಇಲ್ಲ. ಎದುರುಬದುರು ನಿಲ್ಲಿಸುವ ಅರ್ಥದಲ್ಲಿ ಹಿಂದಿಯವರ ಕ್ರಿಕೆಟ್ ವೀಕ್ಷಕ ವಿವರಣೆಯಲ್ಲಿ ಅದನ್ನು ನಾವು ಕೇಳುತ್ತೇವೆ.

ಅಲ್ ಖ್ವಾರಿಜ್ಮಿಯ ಹೆಸರೇ ಇನ್ನೊಂದು ಪದವಾಯಿತು. ಭಾರತದ ಅಂಕಿಗಳನ್ನು ಬಳಸಿ ಲೆಕ್ಕ ಮಾಡುವ ಕ್ರಮದ ಬಗ್ಗೆ ಅವನು ಬರೆದ ಪುಸ್ತಕದ ಅರಬ್ಬೀ ಮೂಲ ಕಳೆದುಹೋಗಿ ಲ್ಯಾಟಿನ್ ರೂಪ ಮಾತ್ರ ಉಳಿದಿದೆ. ಅದರಲ್ಲಿ ಲೇಖಕನ ಹೆಸರು ‘ಅಲ್ಗೊರಿಜ್ಮಿ’ ಆಗಿತ್ತು. ಕಾಲಕ್ರಮೇಣ ಓದುಗರು ಅದು ಮನುಷ್ಯನ ಹೆಸರೆಂಬುದನ್ನೇ ಮರೆತು ಲೆಕ್ಕದ ವಿಧಾನದ ಹೆಸರೆಂದು ತಿಳಿದರು. ಸಂಖ್ಯೆ ಎಂಬ ಅರ್ಥದ ಗ್ರೀಕ್ ಪದವೊಂದರ ನೆರಳೂ ಬಿದ್ದು ಅದು ‘ಆಲ್ಗರಿದಂ’ ಆಯಿತು. ಮೊಬೈಲಿನಲ್ಲಿ ನಾವು ಯಾವ ವಿಡಿಯೋ ನೋಡಬೇಕೆಂದು ತೀರ್ಮಾನಿಸುವ ಆಲ್ಗರಿದಂ ಇದೇ.

ಇಲ್ಲಿ ಒಂದು ಜಗಳವನ್ನು ಪ್ರಸ್ತಾಪಿಸಬೇಕು. ಗಣಿತವೆಲ್ಲ ಅರಬರ ಕೊಡುಗೆ ಎನ್ನುವವರು ಒಂದು ಕಡೆ, ಅರಬರು ಬರೀ ಅಂಚೆಯವರು, ಪತ್ರ ಬರೆದವರು ನಾವೇ ಎನ್ನುವವರು ಇನ್ನೊಂದು ಕಡೆ. ಎರಡೂ ಅತಿರೇಕ. ಸ್ಥಾನಬೆಲೆಯ ಅಂಕಿಗಳೂ ಸೊನ್ನೆಯೂ ಭಾರತದವು. ಅಲ್ ಖ್ವಾರಿಜ್ಮಿ ಅದನ್ನು ಮುಚ್ಚಿಡಲಿಲ್ಲ, ಹಿಂದೂಗಳ ಲೆಕ್ಕವೆಂದೇ ಕರೆದ. ನಮ್ಮ ‘ಶೂನ್ಯ’ವನ್ನು ಅರಬರು ‘ಸಿಫ್ರ್’ ಎಂದು ಅನುವಾದಿಸಿದರು. ಅದರಿಂದ ಇಟಲಿಯ ದಾರಿಯಲ್ಲಿ ‘ಜೀರೋ’ ಬಂತು. ಆದರೆ ಜಬ್ರ್ ಮತ್ತು ಮುಕಾಬಲವನ್ನು ಒಂದು ಕ್ರಮಬದ್ಧ ಶಾಸ್ತ್ರವಾಗಿ ಕಟ್ಟಿದ ಕೀರ್ತಿ ಅವನದೇ. ಅದನ್ನು ಕಸಿದುಕೊಳ್ಳುವ ಅಗತ್ಯ ನಮಗಿಲ್ಲ. ಏಕೆಂದರೆ ನಮ್ಮಲ್ಲಿ ಅದೇ ವಿದ್ಯೆ ಬೇರೆ ಹೆಸರಿನಲ್ಲಿ ಬೇರೆಯಾಗಿ ಬೆಳೆದಿತ್ತು. ಇಂಗ್ಲೆಂಡಿನ ರಾಬರ್ಟ್ ಆಫ್ ಚೆಸ್ಟರ್ ಎಂಬವನು ಸ್ಪೇನಿನ ಸೆಗೋವಿಯಾದಲ್ಲಿ ಕುಳಿತು ಅಲ್ ಖ್ವಾರಿಜ್ಮಿಯ ಪುಸ್ತಕವನ್ನು ಲ್ಯಾಟಿನ್ನಿಗೆ ತಂದದ್ದು 1145ರಲ್ಲಿ. ಭಾಸ್ಕರಾಚಾರ್ಯ ‘ಸಿದ್ಧಾಂತ ಶಿರೋಮಣಿ’ ಬರೆದದ್ದು 1150ರಲ್ಲಿ. ಅದರ ಒಂದು ಭಾಗದ ಹೆಸರು ‘ಬೀಜಗಣಿತ’. ಯೂರೋಪು ‘ಅಲ್’ ಸಮೇತ ಪದವನ್ನು ಎತ್ತಿಕೊಂಡ ಹೊತ್ತಿನಲ್ಲೇ, ಐದು ವರ್ಷದ ಅಂತರದಲ್ಲಿ, ಇಂದಿಗೂ ನಮ್ಮ ಪಠ್ಯಪುಸ್ತಕದ ಮೇಲಿರುವ ಹೆಸರಿನ ಗ್ರಂಥವೊಂದು ಇಲ್ಲಿ ಹುಟ್ಟಿತ್ತು.

ಕನ್ನಡ ನಾಡಿಗೂ ಬಾಗ್ದಾದಿಗೂ ಆಗ ಪರಿಚಯವಿತ್ತು. ಅಲ್ ಮಾಮೂನ್ ಪಟ್ಟಕ್ಕೆ ಬಂದ ಮರುವರ್ಷ, 814ರಲ್ಲಿ, ಮಾನ್ಯಖೇಟದಲ್ಲಿ ಅಮೋಘವರ್ಷ ನೃಪತುಂಗ ಪಟ್ಟವೇರಿದ. ಮಹಾವೀರಾಚಾರ್ಯನ ‘ಗಣಿತಸಾರ ಸಂಗ್ರಹ’ ಅವನನ್ನು ಹೊಗಳುತ್ತದೆ. 851ರ ಅರಬ್ಬೀ ಪ್ರವಾಸ ವೃತ್ತಾಂತವೊಂದು ಜಗತ್ತಿನ ನಾಲ್ವರು ಮಹಾರಾಜರಲ್ಲಿ ‘ಬಲ್ಹರಾ’ ಒಬ್ಬನೆಂದು ಹೇಳುತ್ತದೆ. ರಾಷ್ಟ್ರಕೂಟರ ‘ವಲ್ಲಭರಾಜ’ ಎಂಬ ಬಿರುದು ಅರಬರ ಬಾಯಲ್ಲಿ ಹಾಗಾಯಿತೆಂದು ಇತಿಹಾಸಕಾರರ ಅಭಿಪ್ರಾಯ. ಪದಗಳನ್ನು ತಿರುಚುವ ಕೆಲಸ ಯೂರೋಪಿನವರದ್ದು ಮಾತ್ರವಲ್ಲ ಎಂಬುದಕ್ಕೆ ಇದೂ ಉದಾಹರಣೆ.

ಕಾಡಿಗೆಯಿಂದ ಮದ್ಯಕ್ಕೆ

ಆಲ್ಕೋಹಾಲ್ ಪದದ ಪಯಣ ಇನ್ನೂ ವಿಚಿತ್ರ. ‘ಅಲ್ ಕುಹ್ಲ್’ ಎಂದರೆ ಕಣ್ಣಿಗೆ ಹಚ್ಚುವ ಅಂಜನ, ನಮ್ಮ ಮುಸ್ಲಿಂ ಮನೆಗಳ ಸುರ್ಮಾ. ಖನಿಜವನ್ನು ಬಲು ನುಣ್ಣಗೆ ಅರೆದು ಅದನ್ನು ತಯಾರಿಸುತ್ತಿದ್ದರು. ಆ ನುಣುಪಿನಿಂದಾಗಿ ಯೂರೋಪಿನ ರಸವಾದಿಗಳು ಯಾವುದೇ ನಯವಾದ ಪುಡಿಯನ್ನೂ ಆಲ್ಕೋಹಾಲ್ ಎಂದು ಕರೆಯತೊಡಗಿದರು. ನುಣ್ಣಗಿನ ಪುಡಿಯಿಂದ ಅರ್ಥ ಒಂದು ವಸ್ತುವಿನ ಶುದ್ಧ ಸಾರ ಎಂಬಲ್ಲಿಗೆ ಜಾರಿತು. 16ನೇ ಶತಮಾನದಲ್ಲಿ ಪ್ಯಾರಾಸೆಲ್ಸಸ್ ಎಂಬ ವೈದ್ಯ ದ್ರಾಕ್ಷಾರಸದ ಸಾರಕ್ಕೆ ‘ವೈನಿನ ಆಲ್ಕೋಹಾಲ್’ ಎಂಬ ಹೆಸರು ಬಳಸಿದ. 18ನೇ ಶತಮಾನದ ಹೊತ್ತಿಗೆ ವೈನು ಉದುರಿಹೋಗಿ ಬರೀ ಆಲ್ಕೋಹಾಲ್ ಉಳಿಯಿತು. ಕಣ್ಣಿಗೆ ಹಚ್ಚುತ್ತಿದ್ದುದು ಕಣ್ಣು ಕೆಂಪಾಗಿಸುವುದರ ಹೆಸರಾಯಿತು.

ಈ ಪದದ ಮೂಲ ‘ಅಲ್ ಘೂಲ್’, ಅಂದರೆ ದೆವ್ವ, ಕುಡಿದವನ ಮೈಮೇಲೆ ದೆವ್ವ ಬರುವುದರಿಂದ ಈ ಹೆಸರು ಎಂಬ ಕಥೆ ಈಚೆಗೆ ಹರಿದಾಡುತ್ತಿದೆ. ಪಾನವಿರೋಧಿ ಭಾಷಣಕ್ಕೆ ಬಹಳ ಚೆನ್ನಾಗಿದೆ. ಆದರೆ ಪುಡಿಯಿಂದ ಸಾರಕ್ಕೆ, ಸಾರದಿಂದ ಮದ್ಯಕ್ಕೆ ಪದ ಇಳಿದುಬಂದ ಒಂದೊಂದು ಮೆಟ್ಟಿಲಿಗೂ ಹಳೆಯ ಬರಹಗಳ ಆಧಾರವಿದೆ, ದೆವ್ವಕ್ಕಿಲ್ಲ. ನಿಜವಾದ ದೆವ್ವ ಇರುವುದು ಆಕಾಶದಲ್ಲಿ. ಪರ್ಸಿಯಸ್ ನಕ್ಷತ್ರಪುಂಜದ ‘ಆಲ್ಗಾಲ್’ ಸುಮಾರು 2 ದಿನ 21 ಗಂಟೆಗೊಮ್ಮೆ ಮಂಕಾಗಿ ಮತ್ತೆ ಬೆಳಗುತ್ತದೆ. ಒಂದನ್ನೊಂದು ಸುತ್ತುವ ಎರಡು ತಾರೆಗಳಲ್ಲಿ ಒಂದು ಇನ್ನೊಂದನ್ನು ಮರೆಮಾಡುವುದೇ ಇದಕ್ಕೆ ಕಾರಣ.

ನಕ್ಷತ್ರಗಳ ಮಾತು ಬಂದಾಗ ‘ಆಲ್ಡೆಬರಾನ್’ ನೆನಪಾಗುತ್ತದೆ. ಅರಬ್ಬೀಯಲ್ಲಿ ಅದರ ಅರ್ಥ ಹಿಂಬಾಲಿಸುವವನು. ಯಾರನ್ನು? ಕೃತ್ತಿಕೆಯನ್ನು. ನಮ್ಮ ಪಂಚಾಂಗದಲ್ಲಿ ಅದರ ಹೆಸರು ರೋಹಿಣಿ. ಕೃತ್ತಿಕೆಯ ನಂತರ ರೋಹಿಣಿ ಎಂದು ಬಾಯಿಪಾಠ ಮಾಡಿದ ನಮ್ಮ ಅಜ್ಜಂದಿರಿಗೂ ಮರಳುಗಾಡಿನಲ್ಲಿ ಒಂಟೆಯ ಮೇಲೆ ಹೋಗುತ್ತಿದ್ದವರಿಗೂ ಕಂಡದ್ದು ಒಂದೇ ಸಾಲು. ಗರುಡಪುಂಜದ ‘ಆಲ್ಟೇರ್’ ಎಂದರೆ ಹಾರುವುದು, ನಮ್ಮ ಶ್ರವಣ ನಕ್ಷತ್ರ.

ಉಳಿದವರನ್ನು ಬೇಗ ಮಾತಾಡಿಸಿ ಬರೋಣ. ಆಲ್ಕಲಿ ಉಪ್ಪುನೆಲದ ಗಿಡಗಳ ಬೂದಿ. ಪೊಟ್ಯಾಸಿಯಂ ಧಾತುವಿಗೆ ‘ಕೆ’ ಎಂಬ ಸಂಕೇತ ಬಂದದ್ದು ಇದರ ‘ಕಲಿ’ಯಿಂದ. ದನಗಳಿಗೆ ಹಾಕುವ ಮೇವು ‘ಆಲ್ಫಾಲ್ಫ’ದ ಅರಬ್ಬೀ ರೂಪ ಪಾರ್ಸಿಯಿಂದ ಬಂದದ್ದು, ಮೂಲದ ಅರ್ಥ ಕುದುರೆಯ ಮೇವು. ನಮ್ಮ ರೈತರೂ ಅದನ್ನು ‘ಕುದುರೆ ಮಸಾಲೆ’ ಎನ್ನುತ್ತಾರೆ. ರಸವಿದ್ಯೆಯ ‘ಆಲ್ಕೆಮಿ’ಯಲ್ಲಿ ಗ್ರೀಕ್ ಪದಕ್ಕೆ ಅರಬ್ಬೀ ‘ಅಲ್’ ಅಂಟಿದೆ. ಚಿನ್ನ ಮಾಡುವ ಭ್ರಮೆ ಬಿಟ್ಟು ಶಾಸ್ತ್ರವಾದಾಗ ‘ಅಲ್’ ಕೂಡ ಬಿಟ್ಟು ‘ಕೆಮಿಸ್ಟ್ರಿ’ ಆಯಿತು. ಟಾಲೆಮಿಯ ಖಗೋಳ ಗ್ರಂಥವೂ ಗ್ರೀಕಿನ ‘ಮೆಗಿಸ್ತೆ’ಗೆ ‘ಅಲ್’ ಸೇರಿ ‘ಅಲ್ಮಜೆಸ್ಟ್’ ಎನಿಸಿಕೊಂಡಿತು. ಇದೊಂದು ಪುಸ್ತಕವನ್ನು ಓದಬೇಕೆಂಬ ಆಸೆಯಿಂದ ಇಟಲಿಯ ಕ್ರೆಮೋನಾದ ಜೆರಾರ್ಡ್ ಸ್ಪೇನಿನ ತೊಲೆದೊ ನಗರಕ್ಕೆ ಬಂದ. ಅಲ್ಲಿಯೇ ನಿಂತು, 1187ರಲ್ಲಿ ಸಾಯುವ ಮುನ್ನ 70ಕ್ಕೂ ಹೆಚ್ಚು ಗ್ರಂಥಗಳನ್ನು ಅರಬ್ಬೀಯಿಂದ ಅನುವಾದಿಸಿದ. ‘ಅಲ್’ ಎಲ್ಲಿ ಕತ್ತರಿಸಬೇಕೆಂಬ ಗೊಂದಲಕ್ಕೆ ಇಂಥವರನ್ನು ದೂರುವುದು ಕೃತಘ್ನತೆಯಾದೀತು.

ಅಡುಗೆಮನೆಯ ಒಂದು ಜೋಡಿಯನ್ನು ಮಾತ್ರ ಬಿಡುವಂತಿಲ್ಲ. ಬದನೆಕಾಯಿ ಭಾರತದಿಂದ ಹೊರಟ ತರಕಾರಿ. ಸಂಸ್ಕೃತದ ‘ವಾತಿಂಗಣ’ ಪಾರ್ಸಿಯ ಮೂಲಕ ಅರಬ್ಬೀಯ ‘ಬಾದಿಂಜಾನ್’ ಆಯಿತು. ಸ್ಪೇನಿನ ಕೆಟಲಾನ್ ಭಾಷೆ ಅದನ್ನು ‘ಅಲ್’ ಸಮೇತ ‘ಅಲ್ಬರ್ಜೀನಿಯ’ ಮಾಡಿತು. ಫ್ರೆಂಚರು ಅದನ್ನೇ ‘ಓಬರ್ಜೀನ್’ ಮಾಡಿದರು, ಇಂಗ್ಲೆಂಡಿನವರು ಇಂದಿಗೂ ಹಾಗೇ ಕರೆಯುತ್ತಾರೆ. ಪೋರ್ಚುಗೀಸರು ‘ಅಲ್’ ಬಿಟ್ಟು ‘ಬೆರಿಂಜೆಲಾ’ ಎಂದರು. ಅವರ ಹಡಗು ಭಾರತಕ್ಕೆ ಬಂದಾಗ ಆ ಹೆಸರೂ ಬಂತು, ನಮ್ಮ ಇಂಗ್ಲಿಷಿನಲ್ಲಿ ‘ಬ್ರಿಂಜಾಲ್’ ಆಯಿತು. ಇಲ್ಲಿಂದ ಹೋದ ಕಾಯಿಯ ಹೆಸರು ಅರ್ಧ ಭೂಗೋಳ ಸುತ್ತಿ ಇಲ್ಲಿಗೇ ಮರಳಿದೆ. ಬ್ರಿಂಜಾಲ್ ಎಂದು ಲಂಡನ್ನಿನ ಅಂಗಡಿಯಲ್ಲಿ ಕೇಳಿ ಪೆಚ್ಚಾಗುವ ನಮ್ಮವರಿಗೆ ಈ ಕಥೆ ಗೊತ್ತಿರುವುದಿಲ್ಲ.

ವೇಷಧಾರಿಗಳು

‘ಅಲ್’ ಕಂಡಲ್ಲೆಲ್ಲ ಅರಬ್ಬೀ ಎಂದು ಹೊರಟರೆ ಮೋಸ ಹೋಗುತ್ತೇವೆ. ಅಲೋನ್, ಆಲ್ಸೋ, ಆಲ್ವೇಸ್, ಆಲ್ಮೋಸ್ಟ್ ಇವೆಲ್ಲ ಎಲ್ಲಾ ಎಂಬ ಅರ್ಥದ ಇಂಗ್ಲಿಷಿನದೇ ‘ಆಲ್’ ಸೇರಿದವು. ಭಿಕ್ಷೆಯ ‘ಆಮ್ಸ್’ ಕರುಣೆ ಎಂಬರ್ಥದ ಗ್ರೀಕ್ ಪದ ಸವೆದು ಆದದ್ದು. ಅಲಿಗೇಟರ್ ಸ್ಪ್ಯಾನಿಷಿನ ‘ಎಲ್ ಲಗಾರ್ತೊ’, ಅಂದರೆ ‘ದಿ ಹಲ್ಲಿ’. ಇಲ್ಲಿಯೂ ಅಂಟಿಕೊಂಡದ್ದು ‘ದಿ’ಯೇ, ಆದರೆ ಅರಬರದ್ದಲ್ಲ, ಸ್ಪೇನಿನವರದ್ದು. ಬಾದಾಮಿಯ ಇಂಗ್ಲಿಷ್ ಹೆಸರು ‘ಆಮಂಡ್’ ಗ್ರೀಕ್ ಮೂಲದ್ದು. ಅದರಲ್ಲಿ ಮೊದಲು ‘ಎಲ್’ ಇರಲೇ ಇಲ್ಲ. ಅರಬ್ಬೀ ಪದಗಳನ್ನು ಕೇಳಿ ಕೇಳಿ ರೂಢಿಯಾದವರು ಅದಕ್ಕೂ ಒಂದು ‘ಅಲ್’ ತೊಡಿಸಿದರೆಂದು ನಂಬಲಾಗಿದೆ.

ಇನ್ನು ಕೆಲವು ಅರಬ್ಬೀ ಆಗಿದ್ದೂ ಗುರುತು ಬಿಟ್ಟುಕೊಡುವುದಿಲ್ಲ. ಮರ ಎಂಬರ್ಥದ ‘ಅಲ್ ಊದ್’ ಎಂಬ ತಂತಿವಾದ್ಯ ‘ಅ’ ಕಳೆದುಕೊಂಡು ‘ಎಲ್’ ಮಾತ್ರ ಉಳಿಸಿಕೊಂಡು ‘ಲೂಟ್’ ಆಯಿತು. ನೌಕಾಪಡೆಯ ‘ಅಡ್ಮಿರಲ್’ಗೆ ‘ಅಲ್’ ಬಾಲದಲ್ಲಿದೆ. ‘ಅಮೀರ್ ಅಲ್’ ಎಂದರೆ ಇಂಥದ್ದರ ಒಡೆಯ. ಯಾವುದರ ಒಡೆಯ ಎಂದು ಹೇಳುವ ಮೊದಲೇ ಮಾತು ತುಂಡಾಗಿದೆ.

ನಮ್ಮ ಮನೆಯೊಳಗೂ ಇಂಥ ಇಬ್ಬರು ವೇಷಧಾರಿಗಳಿದ್ದಾರೆ. ಬಟ್ಟೆಬರೆ ಇಡುವ ‘ಅಲಮಾರು’ ಕೇಳುವುದಕ್ಕೆ ಅಪ್ಪಟ ಅರಬ್ಬೀಯಂತಿದೆ. ಆದರೆ ಅದು ಪೋರ್ಚುಗೀಸರ ‘ಅರ್ಮಾರಿಯೊ’, ಮೂಲ ಲ್ಯಾಟಿನ್. ಆಯುಧ, ಸಲಕರಣೆಗಳನ್ನು ಇಡುವ ಪೆಟ್ಟಿಗೆ ಎಂದರ್ಥ. ಅದರ ಮೇಲಿಟ್ಟ ಗಡಿಯಾರದ ‘ಅಲಾರಂ’ ಇಟಲಿಯ ಸೈನಿಕರ ಕೂಗು, ‘ಆಯುಧ ಹಿಡಿಯಿರಿ’ ಎಂದು. ಎರಡೂ ಹುಟ್ಟಿದ್ದು ಆಯುಧ ಎಂಬರ್ಥದ ‘ಅರ್ಮ’ ಎಂಬ ಒಂದೇ ಲ್ಯಾಟಿನ್ ಪದದಿಂದ.